ಆಟವೆಲ್ಲ ಜೂಜಲ್ಲ

ಮಾನ್ಯ ಸಂಪಾದಕರೇ,

ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸಬೇಕು ಎಂಬ ಪತ್ರಗಳನ್ನು ಆಗಾಗ ಓದುತ್ತೇನೆ. ರಮ್ಮಿ ಆಡಿ ದುಡ್ಡು ಕಳೆದುಕೊಂಡವರ ಮನೆಯ ಸಂಕಟ ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಆದರೆ 2025ರ ಕೇಂದ್ರ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್‌ಗಳನ್ನು, ಅದೇ ಕಾನೂನು ಬೇರೆಯಾಗಿ ಗುರುತಿಸಿದೆ.

ನಾನು ತಿಪಟೂರಿನಲ್ಲಿ ಬಟ್ಟೆ ಹೊಲಿಯುತ್ತೇನೆ. ವಯಸ್ಸು 47. ಮಗ ಹಾಸ್ಟೆಲ್‌ಗೆ ಹೋಗುವಾಗ ತನ್ನ ಕ್ಲಾಶ್ ಆಫ್ ಕ್ಲಾನ್ಸ್ ತಂಡಕ್ಕೆ ನನ್ನನ್ನೂ ಸೇರಿಸಿದ. ಅದು ಎದುರಾಳಿಗಳ ಊರಿನ ಮೇಲೆ ದಾಳಿ ಮಾಡುವ ಮೊಬೈಲ್ ಆಟ. ಆಮೇಲೆ ಓದು ಜಾಸ್ತಿಯಾಯಿತೆಂದು ಲೀಡರ್ ಕೆಲಸವನ್ನೂ ನನಗೇ ಒಪ್ಪಿಸಿದ.

ಎರಡು ತಂಡಗಳ ನಡುವಿನ ಪಂದ್ಯಕ್ಕೆ ವಾರ್ ಅನ್ನುತ್ತಾರೆ. ನಮ್ಮ ಕಡೆ 15 ಜನ, ಎದುರಿಗೂ 15. ಒಬ್ಬೊಬ್ಬರಿಗೆ ಎರಡು ದಾಳಿ. ಒಂದು ದಾಳಿಗೆ 3 ನಿಮಿಷ, ಹೆಚ್ಚೆಂದರೆ 3 ಸ್ಟಾರ್. ಮೊದಲ ವಾರ್‌ನಲ್ಲಿ ಯಾರು ಯಾರ ಮೇಲೆ ಹೋಗಬೇಕು ಎಂದು ಗದರಿದ ಹಾಗೆ ಮೆಸೇಜ್ ಹಾಕಿದೆ. 7 ದಾಳಿ ಹಾಗೇ ಉಳಿದವು. 2 ಸ್ಟಾರ್‌ನಿಂದ ಸೋತೆವು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮರುದಿನ ಒಬ್ಬೊಬ್ಬರನ್ನೇ ಕೇಳಿದೆ. ದುಬೈನಲ್ಲಿರುವ ಹುಡುಗ, "ಆಂಟಿ, ನನ್ನ ಡ್ಯೂಟಿ ಮುಗಿಯೋ ಹೊತ್ತಿಗೆ ವಾರ್ ಮುಗಿದಿರುತ್ತೆ" ಅಂದ. ಇನ್ನೊಬ್ಬನಿಗೆ ರಾತ್ರಿ ಪಾಳಿ. ತಪ್ಪು ಅವರದಲ್ಲ, ನಾನು ಆರಿಸಿದ ಹೊತ್ತಿನದು. ತಯಾರಿಗೆ 23 ಗಂಟೆ, ದಾಳಿಗೆ 24 ಗಂಟೆ. ಶುಕ್ರವಾರ ರಾತ್ರಿ 10ಕ್ಕೆ ಶುರು ಮಾಡಿದರೆ ದಾಳಿಯ ಹೊತ್ತು ಶನಿವಾರ ರಾತ್ರಿ 9ರಿಂದ ಭಾನುವಾರ ರಾತ್ರಿ 9ರವರೆಗೆ ಬರುತ್ತದೆ. ಈಗ ಹಾಗೇ ಮಾಡುತ್ತೇವೆ. ಪರೀಕ್ಷೆ ಇದ್ದವರು ಹೆಸರಿನ ಮುಂದೆ ಕೆಂಪು ಗುರುತು ಹಾಕಿಕೊಳ್ಳುತ್ತಾರೆ, ಅವರನ್ನು ಸೇರಿಸುವುದಿಲ್ಲ. ನನ್ನ ಮಗನನ್ನೂ.

ಇದಕ್ಕಿಂತ ಕಷ್ಟವಾದದ್ದು ಬಲಶಾಲಿಗಳನ್ನು ಕಾಯಿಸುವುದು. ಒಂದು ಊರಿನ ಮೇಲೆ ಒಬ್ಬರು 2 ಸ್ಟಾರ್ ತಂದಿದ್ದರೆ, ಮುಂದಿನವರು ಪೂರ್ತಿ ಗೆದ್ದರೂ ಲೆಕ್ಕಕ್ಕೆ ಸೇರುವುದು ಇನ್ನೊಂದೇ ಸ್ಟಾರ್. ಹಾಗಾಗಿ ಚಿಕ್ಕವರು ಮೊದಲು ತಮ್ಮ ಅಳತೆಯ ಊರು ಹೊಡೆಯಬೇಕು. ಪೂರ್ತಿ ಗೆಲ್ಲದೆ ಉಳಿದ ಊರಿಗಾಗಿ ಬಲ ಇದ್ದವರು ಒಂದು ದಾಳಿ ಕೊನೆಗೆ ಉಳಿಸಿಕೊಳ್ಳಬೇಕು. ಬಲದ ಪಟ್ಟಿಯಲ್ಲಿ ನಮ್ಮ 1ನೇ ನಂಬರಿನವನಿಗೆ ಇದು ಅವಮಾನ ಅನ್ನಿಸಿತು. ಎಲ್ಲರೆದುರು ಹೇಳದೆ, ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಈಗ 14ನೇ ನಂಬರಿನ ಪಿಯುಸಿ ಹುಡುಗನಿಗೆ ದಾಳಿ ಹೇಳಿಕೊಡುವವನು ಅವನೇ.

ಈ ಆಟದಲ್ಲೂ ಜೆಮ್ಸ್ (ಆಟದೊಳಗೆ ಖರ್ಚು ಮಾಡುವ ರತ್ನಗಳು) ಕೊಳ್ಳಲು ದುಡ್ಡು ಕೇಳುತ್ತಾರೆ, ನಿಜ. ಕೊಂಡರೆ ಕಟ್ಟಡ ಬೇಗ ಏಳುತ್ತದೆ. ನಾವು ಕೊಳ್ಳುವುದಿಲ್ಲ ಎಂದು ತಂಡದಲ್ಲಿ ಮಾತಾಡಿಕೊಂಡಿದ್ದೇವೆ. ಮನೆಯಲ್ಲಿ ಮಕ್ಕಳ ಜೊತೆಗೂ ಈ ಮಾತು ಆಗಬೇಕು ಅಲ್ವಾ?

ಮುಂದೆ ಈ ವಿಷಯ ಪ್ರಕಟಿಸುವಾಗ ಜೂಜಿನ ಆಪ್‌ಗಳನ್ನೂ ತಂಡ ಕಟ್ಟಿ ಆಡುವ ಆಟಗಳನ್ನೂ ಒಂದೇ ತಲೆಬರಹದ ಕೆಳಗೆ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

— ಒಬ್ಬ ಓದುಗಿ, ತಿಪಟೂರು