ಲಾಸ್ ಬಾನ್ಯೋಸ್‌ಗೆ ಹೊರಟಿರೋ ಪುಟ್ಟಿಗೆ

ಪುಟ್ಟಿ,

ನಿಮ್ಮಪ್ಪ ಫೋನ್ ಮಾಡಿದ್ದ. ಮಂಡ್ಯದ ವಿ.ಸಿ. ಫಾರಂ ಗದ್ದೆಯಿಂದ ನೇರ ಫಿಲಿಪೀನ್ಸಿನ ಇರ್ರಿಗೆ, ಅದೇ ಆ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ, ಹೊರಟಿದ್ದೀಯ, ತುಂಬಾ ಖುಷಿ ಆಯ್ತು ಕಣೇ. ಆದ್ರೆ ಅಲ್ಲಿ ಎಲ್ರಿಗೂ ಇಂಗ್ಲಿಷ್ ಬರುತ್ತಂತಲ್ಲ, ಅವರ ಭಾಷೆ ಯಾಕೆ ಕಲೀಬೇಕು ಅಂದ್ಯಂತೆ, ಅದಕ್ಕೇ ಈ ಪತ್ರ.

ಬರುತ್ತೆ, ಸುಳ್ಳಲ್ಲ. ಲ್ಯಾಬಲ್ಲಿ, ಮೀಟಿಂಗಲ್ಲಿ ಎಲ್ಲಾ ಇಂಗ್ಲಿಷೇ. ಆದ್ರೆ ನಾಟಿ ಹಾಕೋರು, ಕಳೆ ಕೀಳೋರು, ಗೇಟ್ ಕಾಯೋರು ತಮ್ಮತಮ್ಮಲ್ಲಿ ಮಾತಾಡೋದು ಅಲ್ಲಿನ ಭಾಷೆ ಟಗಾಲೊಗ್. ಯಾವ ಪ್ಲಾಟಲ್ಲಿ ಇಲಿ ಬಿದ್ದಿದೆ ಅನ್ನೋದು ನಿನ್ನ ರಿಪೋರ್ಟಿಗಿಂತ ಮುಂಚೆ ಅವರಿಗೆ ಗೊತ್ತಿರುತ್ತೆ. ಇನ್ನೊಂದು ತೊಂದ್ರೆ ಏನಂದ್ರೆ ಅವರು ವಿಪರೀತ ಮರ್ಯಾದಸ್ಥರು, ನೀನು ತಡವರಿಸಿದ ತಕ್ಷಣ ಪಾಪ ಅಂತ ಇಂಗ್ಲಿಷಿಗೆ ತಿರುಗಿಬಿಡ್ತಾರೆ, ಹೀಗಾಗಿ ಎಷ್ಟೋ ಜನ ವರ್ಷಗಟ್ಲೆ ಅಲ್ಲಿದ್ದೂ ಏನೂ ಕಲೀದೆ ವಾಪಸ್ ಬರ್ತಾರೆ. ನೀನು ನಗ್ತಾ "ಟಗಾಲೊಗ್ ಲಾಙ್ ಪೋ" ಅನ್ನು, ಟಗಾಲೊಗಲ್ಲೇ ಹೇಳಿ ಅಂತ. ಅವರಿಗೂ ಖುಷಿ.

ಫಿಲಿಪಿನೊ ಬೇರೆ ಟಗಾಲೊಗ್ ಬೇರೇನಾ ಅಂತ ತಲೆ ಕೆಡಿಸ್ಕೋಬೇಡ. 1937ರಲ್ಲಿ ಅಧ್ಯಕ್ಷ ಕೆಸೋನ್ ಟಗಾಲೊಗನ್ನ ರಾಷ್ಟ್ರಭಾಷೆಗೆ ಬುನಾದಿ ಅಂತ ಘೋಷಿಸಿದ್ರು, 1959ರಲ್ಲಿ ಅದಕ್ಕೆ ಪಿಲಿಪಿನೊ ಅಂತ ಹೆಸರಾಯ್ತು, 1987ರ ಸಂವಿಧಾನದಲ್ಲಿ ಫಿಲಿಪಿನೊ. ಬೇರೆ ಭಾಷೆ ಆಡೋ ಸೆಬು ದ್ವೀಪದ ಕಡೆಯವರಿಗೆ ಈ ವಿಷ್ಯದಲ್ಲಿ ಅಸಮಾಧಾನ ಇದೆ, ನಮ್ಮಲ್ಲಿ ಹಿಂದಿ ಗಲಾಟೆ ನೋಡಿದವರಿಗೆ ಬಿಡಿಸಿ ಹೇಳ್ಬೇಕಿಲ್ಲ. ಲಾಸ್ ಬಾನ್ಯೋಸ್ ಇರೋ ಲಗುನಾ ಪ್ರಾಂತ್ಯ ಅಪ್ಪಟ ಟಗಾಲೊಗ್ ಸೀಮೆ, ನಿನಗೆ ಎರಡೂ ಒಂದೇ.

ಉಚ್ಚಾರಣೆಗೆ ಹೆದರಬೇಡ. ಅವರ 28 ಅಕ್ಷರದಲ್ಲಿ ಎನ್-ಜಿ ಸೇರಿ ಒಂದು ಅಕ್ಷರ ಇದೆ, ಅದು ನಮ್ಮ ಕ ಖ ಗ ಘ ಙ ದಲ್ಲಿ ಕೊನೇಗೆ ಸುಮ್ನೆ ಕೂತಿರುತ್ತಲ್ಲ ಅದೇ. ಅಲ್ಲಿ ಶಬ್ದ ಅದರಿಂದಲೇ ಶುರುವಾಗುತ್ತೆ, ಙಯೋನ್ ಅಂದ್ರೆ ಈಗ. ಎಮ್-ಜಿ-ಎ ಅಂತ ಬರೆದು ಮಙಾ ಅಂತ ಓದ್ತಾರೆ, ಬಹುವಚನಕ್ಕೆ. ಒತ್ತು ಎಲ್ಲಿ ಬೀಳುತ್ತೆ ಅಂತ ಮಾತ್ರ ಕಿವಿಗೊಟ್ಟು ಕೇಳು, ಆಸೊ ಅಂದ್ರೆ ನಾಯಿ, ಅಸೋ ಅಂದ್ರೆ ಹೊಗೆ.

ನಿಜವಾದ ಕಷ್ಟ ಕ್ರಿಯಾಪದ. ಮೊದಲನೇದಾಗಿ ಅದು ವಾಕ್ಯದ ಮುಂದೆ ಬರುತ್ತೆ, ನಮ್ಮ ತರ ಕೊನೇಗಲ್ಲ. ಎರಡನೇದು, ನಾವು ಏನಿದ್ರೂ ಬಾಲಕ್ಕೆ ಅಂಟಿಸ್ತೀವಿ, ಅವರು ಧಾತುವಿನ ಹೊಟ್ಟೆಯೊಳಗೇ ತೂರಿಸ್ತಾರೆ. ಕಾಇನ್ ಅಂದ್ರೆ ತಿನ್ನೋದು. ಕುಮಾಇನ್ ತಿಂದಾಯ್ತು, ಕುಮಕಾಇನ್ ತಿಂತಾ ಇದೆ, ಕಕಾಇನ್ ಇನ್ನು ತಿನ್ನಬೇಕು. ಇಷ್ಟಕ್ಕೇ ಮುಗೀಲಿಲ್ಲ. ಸುಮ್ನೆ ಮಾವಿನಹಣ್ಣು ತಿಂದೆ ಅನ್ನೋಕೆ "ಕುಮಾಇನ್ ಆಕೊ ನಙ್ ಮಙ್ಗ", ಆ ಇಟ್ಟಿದ್ದ ಹಣ್ಣನ್ನ ತಿಂದೆ ಅನ್ನೋಕೆ "ಕಿನಾಇನ್ ಕೊ ಆಙ್ ಮಙ್ಗ". ಮಾತು ಯಾವುದರ ಬಗ್ಗೆಯೋ ಆ ಪದಕ್ಕೆ ಮುಂಚೆ ಆಙ್ ಕೂರುತ್ತೆ, ಕ್ರಿಯಾಪದ ಅದಕ್ಕೆ ತಕ್ಕ ಹಾಗೆ ವೇಷ ಹಾಕುತ್ತೆ. ಟೇಬಲ್ ಉರು ಹೊಡೀಬೇಡ, ಈ ಕಾಇನ್ ಒಂದನ್ನೇ ಹಿಡ್ಕೊಂಡು ದಿನಾ ಊಟದ ಹೊತ್ತಲ್ಲಿ ತಿರುಗಿಸ್ತಾ ಇರು. ಅವಕಾಶಕ್ಕೇನು ಕಮ್ಮಿ ಇಲ್ಲ, ಡಬ್ಬಿ ತೆಗೆದವರು ಯಾರೇ ಇರಲಿ "ಕಾಇನ್ ತಾಯೊ" ಅಂತ ಕರೀತಾರೆ. ತಾಯೊ ಅಂದ್ರೆ ನಿನ್ನನ್ನೂ ಸೇರಿಸ್ಕೊಂಡ ನಾವು, ನಿನ್ನನ್ನ ಬಿಟ್ಟು ನಾವು ಅನ್ನೋಕೆ ಕಾಮಿ, ಇದನ್ನ ಅದಲು ಬದಲು ಮಾಡಿದ್ರೆ ಎದುರಿಗಿರೋರಿಗೆ ನೀನು ಬೇಡ ಅಂದ ಹಾಗಾಗುತ್ತೆ, ಜೋಪಾನ.

ಕನ್ನಡದವಳಿಗೆ ಸಲೀಸಾದ್ದೂ ಬೇಕಾದಷ್ಟಿದೆ. ಮಳೆ ಬರುತ್ತಂತೆ ಅನ್ನೋ ನಮ್ಮ ಅಂತೆ ಅವರಲ್ಲಿ ದಾವ್, "ಉಉಲಾನ್ ದಾವ್". ಇಂಗ್ಲಿಷರು ಇದಕ್ಕೆ ಒದ್ದಾಡೋದು ನೋಡ್ಬೇಕು. ದಿನದಿನ ಅನ್ನೋಕೆ ಆರಾವ್-ಆರಾವ್. ಭತ್ತ, ಅಕ್ಕಿ, ಅನ್ನಕ್ಕೆ ನಮ್ಮ ಹಾಗೇ ಮೂರು ಬೇರೆಬೇರೆ, ಪಾಲಾಯ್, ಬಿಗಾಸ್, ಕಾನಿನ್, ಇದು ನಿನ್ನ ಕೆಲಸಕ್ಕೆ ಮೊದಲ ದಿನವೇ ಬೇಕು. ದೊಡ್ಡವರ ಹತ್ರ ಮಾತಲ್ಲಿ ಪೋ ಸೇರಿಸೋದು ಮರೀಬೇಡ, ಅದು ನಮ್ಮ ರೀ ಇದ್ದಂಗೆ, ಹೂಂ ಅನ್ನೋಕೂ ಓಪೋ.

ಸಂತೆಗೆ ನೀನೇ ಹೋಗು, ಆನ್‌ಲೈನ್‌ನಲ್ಲಿ ತರಿಸಬೇಡ. ಮೀನಿನವಳನ್ನ ಆತೆ ಅನ್ನು, ಅಕ್ಕ ಅಂದಂಗೆ, ಡ್ರೈವರು ಕುಯಾ. ಒಂದೇ ಅಂಗಡಿಗೆ ಖಾಯಂ ಹೋದ್ರೆ ಅವಳೂ ನಿನ್ನನ್ನ ಸುಕಿ ಅಂತಾಳೆ, ನೀನೂ ಅವಳನ್ನ ಸುಕಿ ಅಂತೀಯ, ಆಮೇಲೆ ರೇಟು ತಾನೇ ಇಳಿಯುತ್ತೆ. ರೇಟು, ಗಂಟೆ ಬಂದಾಗ ಗಾಬರಿಯಾಗ್ಬೇಡ, ಒಂದು ಎರಡು ಮೂರಕ್ಕೆ ಇಸಾ ದಲಾವಾ ತತ್ಲೊ ಕಲಿತಿದ್ರೂ ಅವರು ಇಪ್ಪತ್ತಕ್ಕೆ ಬೆಂತೆ, ಐವತ್ತಕ್ಕೆ ಸಿಙ್ಕ್ವೆಂತ ಅಂತ ಸ್ಪ್ಯಾನಿಷಲ್ಲಿ ಹೇಳ್ತಾರೆ, ಮುನ್ನೂರು ವರ್ಷದ ಮೇಲೆ ಸ್ಪೇನಿನವರಿಂದ ಆಳಿಸ್ಕೊಂಡ ಜನ ಅಲ್ವಾ. ಜೀಪ್ನಿಲಿ, ಅಂದ್ರೆ ಅಲ್ಲಿ ಬಸ್ಸಿನ ಹಾಗೆ ಓಡಾಡೋ ಉದ್ದನೆ ಜೀಪಲ್ಲಿ, ಹಿಂದೆ ಕೂತ್ರೆ ದುಡ್ಡು ಕೈಯಿಂದ ಕೈಗೆ ಡ್ರೈವರ್ ತಂಕ ಹೋಗುತ್ತೆ, "ಬಾಯದ್ ಪೋ" ಅಂತ ಜೋರಾಗಿ ಹೇಳು, ಇಳಿಯೋವಾಗ "ಪಾರಾ ಪೋ". ಮೆತ್ತಗೆ ಅಂದ್ರೆ ಪಕ್ಕದೂರು ಕಲಂಬಾ ತಂಕ ಹೋಗಿಬಿಡ್ತೀಯ.

ಇನ್ಮೇಲೆ ಭಾನುವಾರ ಸಂಜೆ ಫೋನ್ ಮಾಡು. ಟಗಾಲೊಗಲ್ಲೇ ಮಾತಾಡ್ತೀನಿ, ತಪ್ಪಿದ್ರೆ ಅಲ್ಲೇ ತಿದ್ತೀನಿ. ಚೌಕಾಸಿ ಭಾಷೆ ಮಾತ್ರ ನಿಮ್ಮ ದೊಡ್ಡಮ್ಮನ ಹತ್ರ ಕಲಿ, ಅದರಲ್ಲಿ ಅವಳು ನನಗಿಂತ ಜೋರು.

ಇಂತಿ,
ನಿನ್ನ ದೊಡ್ಡಪ್ಪ