ನೋಟ್‌ಬುಕ್ ಮೇಲೆ ‘ಇಂಕ್ ಪೆನ್ನಿಗೆ ಆಗುತ್ತೆ’ ಅಂತ ಪ್ರಿಂಟ್ ಮಾಡಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಏಳನೇ ಕ್ಲಾಸು. ಸ್ಕೂಲ್ ಶುರುವಾದಾಗ ಆಸೆಪಟ್ಟು ಇಂಕ್ ಪೆನ್ ತಗೊಂಡ್ಲು, ಒಂದೇ ವಾರಕ್ಕೆ ‘ಅಪ್ಪಾ ಇದು ಬೇಡ, ಮಿಸ್ ಬೈತಾರೆ’ ಅಂತ ಎತ್ತಿಟ್ಟುಬಿಟ್ಲು. ನೋಟ್ಸ್ ತೆಗೆದು ನೋಡಿದ್ರೆ ಪ್ರತಿ ಅಕ್ಷರಕ್ಕೂ ಬೇರು ಬಿಟ್ಟ ಹಾಗೆ ಇಂಕು ಹರಡಿದೆ, ಥ ಒಳಗಿನ ಚುಕ್ಕೆ ಕಾಣಲ್ಲ, ಪ ಯಾವ್ದು ಷ ಯಾವ್ದು ಗೊತ್ತಾಗಲ್ಲ, ಹಿಂದಿನ ಪುಟದಲ್ಲಂತೂ ಬರೆಯೋಕೇ ಆಗಲ್ಲ. ಅದೇ ಪೆನ್ನು ಅದೇ ಇಂಕಲ್ಲಿ ನನ್ನ ಹಳೇ ಡೈರಿಲಿ ಬರೆಸಿದೆ, ಗೆರೆ ಕೊರೆದ ಹಾಗೆ ಬಂತು. ತಪ್ಪು ಪೇಪರಿಂದು, ಬೈಗುಳ ಮಗುವಿಗೆ.

ಎಲ್ರೂ ಜಿಎಸ್‌ಎಂ ನೋಡಿ ತಗೊಳ್ಳಿ ಅಂತಾರೆ. ಅದು ಒಂದು ಚದರ ಮೀಟರ್ ಪೇಪರ್ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ ಅಷ್ಟೇ. ಇಂಕು ನಿಲ್ಲೋದು ಪೇಪರ್ ಮಾಡುವಾಗ ಹಾಕೋ ಗಂಜಿ, ರಾಳದಂಥ ಅಂಟಿನಿಂದ, ಅದಕ್ಕೆ ಸೈಜಿಂಗ್ ಅಂತಾರೆ. ಅದು ಸರಿಯಾಗಿದ್ರೆ 70 ಜಿಎಸ್‌ಎಂ ಸಾಕು, ಇಲ್ಲಾಂದ್ರೆ 100 ಇದ್ರೂ ಬ್ಲಾಟಿಂಗ್ ಪೇಪರ್ ಥರ ಹೀರ್ಕೊಂಡುಬಿಡುತ್ತೆ. ನಾನೀಗ ಅಂಗಡಿಗೆ ಪೆನ್ ತಗೊಂಡೇ ಹೋಗ್ತೀನಿ, ಅವರನ್ನ ಕೇಳಿ ಕೊನೇ ಪುಟದ ಮೂಲೇಲಿ ‘ಥ ಷ ಕ್ಷ’ ಬರೆದು, ಒಣಗಿದ ಮೇಲೆ ತಿರುಗಿಸಿ ನೋಡಿ ಆಮೇಲೇ ದುಡ್ಡು ಕೊಡೋದು.

ಪೆನ್ನಿನ ಬಗ್ಗೆನೂ ಒಂದು ಮಾತು. ನಮ್ಮಪ್ಪನ ಪೆನ್ನಿಗೆ ಅಂಗಡಿಯವರು ಕೊಟ್ರು ಅಂತ ಡ್ರಾಯಿಂಗ್ ಇಂಕ್ ತುಂಬಿಸಿ ಹಾಳುಮಾಡ್ಕೊಂಡೆ, ಅದರಲ್ಲಿ ಅರಗು ಇರುತ್ತಂತೆ, ನಿಬ್ಬಿನ ಕೆಳಗಿನ ನಾಲಿಗೆಲಿ ಕೂದಲಷ್ಟು ಸಣ್ಣ ಗೀರಿದೆಯಲ್ಲ ಅದರೊಳಗೆ ಒಣಗಿ ಕೂತ್ಕೊಂಡ್ರೆ ನೀರಿಗೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಆ ಪೆನ್ನು ಇವತ್ತಿಗೂ ಬರೀತಿಲ್ಲ, ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಫೌಂಟೇನ್ ಪೆನ್ ಇಂಕ್ ಅಂತ ಬರೆದಿರೋದನ್ನೇ ಹಾಕಿ. ತಿಂಗಳಿಗೊಮ್ಮೆ ತಣ್ಣೀರಲ್ಲಿ ಬಣ್ಣ ಹೋಗೋವರೆಗೂ ತೊಳೆದು, ನಿಬ್ಬು ಕೆಳಗೆ ಮಾಡಿ ಹತ್ತಿಬಟ್ಟೇಲಿ ಸುತ್ತಿ ರಾತ್ರಿ ಇಡಿ, ಬಿಸಿನೀರು ಸ್ಪಿರಿಟ್ಟು ಬೇಡ. ಫಿಲ್ಲರಿಂದ ನೇರ ಇಂಕು ತುಂಬೋ ಪೆನ್ನಾದ್ರೆ ಕಾಲುಭಾಗ ಉಳಿದಾಗಲೇ ತುಂಬಿಸಿ, ಕಮ್ಮಿ ಇದ್ರೆ ಕೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನ ತಳ್ಳುತ್ತೆ, ತೊಟ್ಟಿಕ್ಕುತ್ತೆ.

ಪೇಪರ್ ನಮಗೇನು ಹೊಸದಾ? 1936ರಲ್ಲೇ ಭದ್ರಾವತೀಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆ ಆಯ್ತು, ಅಲ್ಲೀಗ ಕೆಲಸ ನಿಂತುಹೋಗಿದೆ, ದಾಂಡೇಲೀಲಿ ಇವತ್ತಿಗೂ ಪೇಪರ್ ಮಾಡ್ತಾರೆ. ಹಾಗಾಗಿ ನೋಟ್‌ಬುಕ್ ಮಾಡೋರಲ್ಲಿ ನನ್ನ ಕೋರಿಕೆ, ರಟ್ಟಿನ ಮೇಲೆ ಜಿಎಸ್‌ಎಂ ಪಕ್ಕ ‘ಇಂಕ್ ಪೆನ್ನಿಗೆ ಆಗುತ್ತೆ’ ಅಥವಾ ‘ಆಗಲ್ಲ’ ಅಂತ ಒಂದು ಸಾಲು ಹಾಕಿ. ಸಾವಿರಗಟ್ಟಲೆ ನೋಟ್‌ಬುಕ್ ಆರ್ಡರ್ ಕೊಡೋ ಶಾಲೆಯವರು ಮೊದಲು ಒಂದು ಪುಸ್ತಕ ತರಿಸಿ ಇಂಕ್ ಪೆನ್ನಲ್ಲಿ ಒಂದು ಪುಟ ಬರೆದು ನೋಡಿ, ಆಮೇಲೆ ಆರ್ಡರ್ ಕೊಡಿ.

– ಒಬ್ಬ ಓದುಗ, ಶಿವಮೊಗ್ಗ