ಮಾರ್ಕ್ಸ್ ಎರಡನೇ ಸಲ ಬರೆದಿದ್ದಕ್ಕೆ ಕೊಡಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ಬಿ.ಎ. ಮಕ್ಕಳಿಗೆ ‘ಬೇಡಿಕೆಯ ನಿಯಮ’ದ (ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಅನ್ನುವುದು) ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ದೆ. 54 ಬಂದವು. ಅರ್ಧಕ್ಕಿಂತ ಜಾಸ್ತಿ ಒಂದೇ ಗೈಡಿನಿಂದ ಇಳಿಸಿದ್ದು. ‘ಮೇಲಿನ ಚಿತ್ರದಲ್ಲಿ ತೋರಿಸಿರುವಂತೆ’ ಅಂತ ಎಲ್ಲರೂ ಬರೆದಿದ್ದರು. ಮೇಲೆ ಚಿತ್ರವೇ ಇರಲಿಲ್ಲ.

ಚೆನ್ನಾಗಿ ಬೈದೆ. ಆಮೇಲೆ ನನಗೇ ನಾಚಿಕೆಯಾಯಿತು. ನಾವಾದರೂ ಏನು ಮಾಡುತ್ತೇವೆ? ಪುಟ ಎಣಿಸಿ, ಕೊನೆಯಲ್ಲಿ ಸಹಿ ಹಾಕಿ, ಇಂಟರ್ನಲ್ಸ್ ಮಾರ್ಕ್ಸ್ ತುಂಬುತ್ತೇವೆ. ಹಾಳೆಗಳು ಸ್ಟಾಫ್ ರೂಮಿನ ಬೀರು ಸೇರುತ್ತವೆ. ಬರೆದವರ ಕೈಗೆ ಮತ್ತೆ ಹೋಗುವುದೇ ಇಲ್ಲ. ಯಾರೂ ಓದಲ್ಲ ಅಂತ ಗೊತ್ತಿದ್ದ ಮೇಲೆ ಮಕ್ಕಳು ಯಾಕೆ ಕಷ್ಟಪಟ್ಟು ಬರೆಯುತ್ತಾರೆ, ಅಲ್ವಾ?

ಈ ಸಲ ಗೈಡಿನಲ್ಲಿ ಸಿಗದ ಪ್ರಶ್ನೆ ಕೇಳಿದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ನಿಮ್ಮ ಮನೆಯಲ್ಲಿ ಏನಾಯಿತು? ಒಂದೇ ಪುಟ ಬರೆಯಿರಿ ಅಂದೆ.

ಒಬ್ಬ ಹುಡುಗಿ ‘ಭಾರತವು ಕೃಷಿ ಪ್ರಧಾನ ದೇಶವಾಗಿದೆ’ ಅಂತ ಶುರು ಮಾಡಿದ್ದಳು. (ಬ್ಯಾಂಕಿನ ಬಗ್ಗೆ ಕೇಳಿದರೂ ನಮ್ಮ ಮಕ್ಕಳು ಹೊರಡುವುದು ಅಲ್ಲಿಂದಲೇ.) ಮುಕ್ಕಾಲು ಪುಟ ಹೊಡೆದುಹಾಕಿ, ‘ಇದರಲ್ಲಿ ನಿಮ್ಮ ಮನೆ ಎಲ್ಲಿದೆ?’ ಅಂತ ಪಕ್ಕದಲ್ಲಿ ಬರೆದು ವಾಪಸ್ ಕೊಟ್ಟೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಮುಂದಿನ ವಾರ ತಂದ ಹಾಳೆಯಲ್ಲಿ ಹೀಗಿತ್ತು: ‘ಅಮ್ಮ ಸಾರಿಗೆ ಟೊಮೆಟೊ ಬಿಟ್ಟು ಹುಣಸೆಹಣ್ಣು ಜಾಸ್ತಿ ಹಾಕಿದರು. ಮಾವನ ಹೋಟೆಲಿನಲ್ಲಿ ಮಾತ್ರ ಟೊಮೆಟೊ ಕಡಿಮೆ ಮಾಡಲಿಲ್ಲ. ಚಟ್ನಿ ರುಚಿ ಕೆಟ್ಟರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾರೆ.’

ಒಂದು ದುಬಾರಿಯಾದರೆ ಅದರ ಜಾಗಕ್ಕೆ ಬರುವ ‘ಬದಲಿ ಸರಕು’, ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎರಡೂ ಇದರಲ್ಲಿವೆ. ನಾನು ಎರಡು ವಾರ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದ್ದೂ ಇದನ್ನೇ. ನಾಲಿಗೆ ಹೊರಳದ ಆ ಪದಗಳನ್ನು ಎಲ್ಲಿ ಸೇರಿಸಬೇಕು ಅಂತ ಆಮೇಲೆ ಇಬ್ಬರೂ ಕೂತು ನೋಡಿದೆವು. ಐದು ನಿಮಿಷ ಹಿಡಿಯಿತು ಅಷ್ಟೇ.

ಎಲ್ಲರೂ ಹೀಗೆ ಬರೆದರು ಅಂತ ಸುಳ್ಳು ಹೇಳಲಾರೆ. ಕೆಲವರು ಎರಡನೇ ಸಲವೂ ಗೆಳೆಯರದ್ದನ್ನೇ ಇಳಿಸಿದರು. 54 ಹಾಳೆ ಎರಡೆರಡು ಸಲ ತಿದ್ದುವುದರಲ್ಲಿ ನನ್ನ ಎರಡು ಭಾನುವಾರ ಹೋದವು. ಎಲ್ಲ ಪೇಪರಿಗೂ ಹೀಗೆ ಮಾಡಲು ಆಗುವುದಿಲ್ಲ. ಎರಡು ಕಾಲೇಜಿಗೆ ಓಡಾಡುವ ಅತಿಥಿ ಉಪನ್ಯಾಸಕರಿಗಂತೂ ಸಾಧ್ಯವೇ ಇಲ್ಲ.

ಹಾಗಾಗಿ ವಿಶ್ವವಿದ್ಯಾಲಯಗಳನ್ನು ಕೇಳುವುದು ಇಷ್ಟೇ. ಸೆಮಿಸ್ಟರಿಗೆ ಒಂದು ಪೇಪರಿನಲ್ಲಾದರೂ ಅಸೈನ್‌ಮೆಂಟ್ ಒಂದೇ ಪುಟ ಇರಲಿ. ಮೇಷ್ಟ್ರು ತಿದ್ದಿ ವಾಪಸ್ ಕೊಡಲಿ, ಎರಡನೇ ಸಲ ಬರೆದಿದ್ದಕ್ಕೆ ಮಾರ್ಕ್ಸ್ ಸಿಗಲಿ. ಕನಿಷ್ಠ ಹತ್ತು ಪುಟ ಅನ್ನುವ ರೂಢಿಯನ್ನು ಮೊದಲು ಬಿಡೋಣ. ಸ್ಕೆಚ್ ಪೆನ್ನಿನ ಹೂವಿನ ಬಾರ್ಡರೂ ಬೇಡ.

– ಅರ್ಥಶಾಸ್ತ್ರ ಉಪನ್ಯಾಸಕಿ, ಕೋಲಾರ ಜಿಲ್ಲೆ